ಕಾಣೆಯಾದವರನ್ನು ಹುಡುಕುವುದು ಹೇಗೆ? ಸ್ವಯಂಸೇವಕ ಶೋಧ ಮತ್ತು ರಕ್ಷಣಾ ತಂಡಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ತಂಡ ಸೇರಬೇಕೆಂದು ಬರುವವರು, ಕಾಣೆಯಾದವರ ಮನೆಯವರು, ಬರೀ ಕುತೂಹಲಕ್ಕೆ ಕೇಳುವವರು, ಈ ಮೂರೂ ಬಗೆಯವರ ಪ್ರಶ್ನೆಗಳು ಇಲ್ಲಿವೆ. ಕೆಲವಕ್ಕೆ ಎರಡು ಸಾಲಿನ ಉತ್ತರ ಸಾಕು. ಕೆಲವನ್ನು ಬಿಡಿಸಿ ಹೇಳದಿದ್ದರೆ ತಪ್ಪು ಕಲ್ಪನೆ ಉಳಿದುಬಿಡುತ್ತದೆ.

ಇದು ಸರ್ಕಾರದ ಕೆಲಸ ಅಲ್ಲವೇ? ಸ್ವಯಂಸೇವಕರು ಯಾಕೆ ಬೇಕು?

ಜವಾಬ್ದಾರಿ ಸರ್ಕಾರದ್ದೇ. ಆದರೆ ಕಾಡಿನಲ್ಲೋ ಬೆಟ್ಟದಲ್ಲೋ ಒಬ್ಬರು ಕಾಣೆಯಾದರೆ ಒಂದೇ ಹೊತ್ತಿಗೆ ಐವತ್ತೋ ನೂರೋ ಜನ ಬೇಕಾಗುತ್ತಾರೆ. ಅಷ್ಟು ಜನರನ್ನು ವರ್ಷವಿಡೀ ಸಂಬಳ ಕೊಟ್ಟು ಕಾಯಿಸಿಡುವುದು ಯಾರಿಗೂ ಸುಲಭವಲ್ಲ. ಹಾಗಾಗಿ ಜಗತ್ತಿನ ಬಹಳಷ್ಟು ಕಡೆ ಈ ಕೆಲಸದ ದೊಡ್ಡ ಪಾಲು ಬೇರೆ ಉದ್ಯೋಗ ಮಾಡಿಕೊಂಡಿರುವವರ ಹೆಗಲ ಮೇಲಿದೆ. ಮೇಷ್ಟ್ರು, ಮೆಕ್ಯಾನಿಕ್, ನರ್ಸ್, ಅಂಗಡಿ ಇಟ್ಟವರು, ನಿವೃತ್ತರು ಎಲ್ಲರೂ ಇರುತ್ತಾರೆ.

ಇದು ಹೊಸ ಏರ್ಪಾಡೇನಲ್ಲ. ಬ್ರಿಟನ್ನಿನ ಲೈಫ್‌ಬೋಟ್ ಸಂಸ್ಥೆ ಹುಟ್ಟಿದ್ದು 1824ರಲ್ಲಿ. ಸಮುದ್ರಕ್ಕಿಳಿಯುವ ಅದರ ಸಿಬ್ಬಂದಿಯಲ್ಲಿ ಹೆಚ್ಚಿನವರು ಇವತ್ತಿಗೂ ಸ್ವಯಂಸೇವಕರು. 1896ರಲ್ಲಿ ಆಸ್ಟ್ರಿಯಾದ ರಾಕ್ಸ್ ಪರ್ವತದಲ್ಲಿ ಹಿಮಕುಸಿತಕ್ಕೆ ಸಿಕ್ಕಿ ಮೂವರು ಸತ್ತಾಗ ವಿಯೆನ್ನಾದ ಪರ್ವತಾರೋಹಿಗಳ ಸಂಘಗಳು ಒಟ್ಟುಗೂಡಿ ರಕ್ಷಣಾ ಸಮಿತಿ ಕಟ್ಟಿದವು. ಅಮೆರಿಕದ ಪರ್ವತ ರಕ್ಷಣಾ ತಂಡಗಳು 1959ರಲ್ಲಿ ಒಂದು ಒಕ್ಕೂಟವಾದವು. 1985ರಲ್ಲಿ ಮೆಕ್ಸಿಕೊ ಸಿಟಿ ಭೂಕಂಪದಲ್ಲಿ ಕುಸಿದ ಕಟ್ಟಡಗಳ ಸಂದಿಗೆ ನುಸುಳಿ ಜನರನ್ನು ಎಳೆದು ತಂದ ಸಾಮಾನ್ಯ ಜನರೇ ಆಮೇಲೆ 'ಟೋಪೋಸ್' ಎಂಬ ದಳವಾದರು. ನೆಲದೊಳಗೆ ಬಿಲ ತೋಡುವ ಪ್ರಾಣಿಯೊಂದಕ್ಕೆ ಸ್ಪ್ಯಾನಿಷ್‌ನಲ್ಲಿರುವ ಹೆಸರು ಅದು.

ಸುದ್ದಿ ಗೊತ್ತಾದ ಕೂಡಲೇ ನಾವೇ ಹೋಗಿ ಹುಡುಕಬಹುದಲ್ಲ?

ದಯವಿಟ್ಟು ಬೇಡ. ಕಲ್ಲು ಮನಸ್ಸಿನಿಂದ ಹೇಳುತ್ತಿಲ್ಲ. ಕಾಣೆಯಾದವರ ಹೆಜ್ಜೆಗುರುತಿನ ಮೇಲೆ ನಿಮ್ಮ ಹೆಜ್ಜೆ ಬಿದ್ದರೆ ಜಾಡು ಅಲ್ಲಿಗೆ ಮುಗಿಯಿತು. ನೀವು ಎಲ್ಲಿ ನೋಡಿದಿರಿ, ಎಲ್ಲಿ ನೋಡಲಿಲ್ಲ ಎಂಬುದು ಯಾರ ನಕ್ಷೆಯಲ್ಲೂ ಇರುವುದಿಲ್ಲವಾದ್ದರಿಂದ ನೀವು ಸುತ್ತಿದ ಜಾಗವನ್ನು ಇನ್ನೊಂದು ತಂಡ ಮತ್ತೆ ಸುತ್ತಬೇಕು. ಇನ್ನು ನೀವೇ ಕಾಲು ಮುರಿದುಕೊಂಡರೆ ಹುಡುಕಬೇಕಾದವರ ಸಂಖ್ಯೆ ಎರಡಾಗುತ್ತದೆ. ಮೇಲೆ ಹೇಳಿದ ಮೆಕ್ಸಿಕೊ ಸಿಟಿಯಲ್ಲೇ ತರಬೇತಿ ಇಲ್ಲದ ಸ್ವಯಂಸೇವಕರು ನೂರಾರು ಜೀವ ಉಳಿಸಿದರು. ಆ ಪ್ರಯತ್ನದಲ್ಲಿ ಅವರಲ್ಲೇ ನೂರಕ್ಕೂ ಹೆಚ್ಚು ಜನ ಸತ್ತರು.

ಸಾಮಾನ್ಯವಾಗಿ ತಂಡವನ್ನು ಕರೆಯುವ ಅಧಿಕಾರ ಪೊಲೀಸರಿಗೋ, ಕರಾವಳಿ ಕಾವಲಿನವರಿಗೋ, ಆ ಜಾಗದ ಹೊಣೆ ಹೊತ್ತ ಇನ್ನೊಂದು ಇಲಾಖೆಗೋ ಇರುತ್ತದೆ. ಕರೆ ಬಾರದೆ ತಂಡವೂ ಹೊರಡುವುದಿಲ್ಲ. ನಿಮಗೆ ಸಹಾಯ ಮಾಡಲೇಬೇಕು ಅನ್ನಿಸಿದರೆ ನೇರ ಬೇಸ್‌ಗೆ, ಅಂದರೆ ಹುಡುಕಾಟ ನಡೆಸುವ ಕೇಂದ್ರಕ್ಕೆ, ಬಂದು ಹೆಸರು ಬರೆಸಿ. ಏನಾದರೊಂದು ಕೆಲಸ ಇದ್ದೇ ಇರುತ್ತದೆ. ಅದು ಚಹಾ ಹಂಚುವ ಕೆಲಸವಾದರೂ ಬೇಸರ ಮಾಡಿಕೊಳ್ಳಬೇಡಿ. ರಾತ್ರಿ ಎರಡು ಗಂಟೆಗೆ ನೆನೆದು ಬಂದ ತಂಡಕ್ಕೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ.

ಕರೆ ಬಂದ ಮೇಲೂ ತಂಡದವರು ಟೇಬಲ್ ಸುತ್ತ ಕೂತು ಮಾತಾಡುತ್ತಿರುತ್ತಾರೆ. ಹೊತ್ತು ಹಾಳಲ್ಲವೇ?

ಮನೆಯವರ ಹೊಟ್ಟೆ ಉರಿಯುವುದು ಇಲ್ಲೇ, ಅದು ಸಹಜ ಕೂಡ. ನಿಜ ಹೇಳಬೇಕೆಂದರೆ ಯಾರೂ ಹೋಗದೆ ಇರುವುದಿಲ್ಲ. ಮೂರರಿಂದ ಐದು ಜನರ ಚುರುಕಿನ ತಂಡಗಳು ಅಷ್ಟು ಹೊತ್ತಿಗಾಗಲೇ ಹೊರಟಿರುತ್ತವೆ. ಕಾಲುದಾರಿ, ಹಳ್ಳದ ದಂಡೆ, ಬಂಡೆಯ ಅಂಚು, ಹಾಳುಬಿದ್ದ ಗುಡಿಸಲು, ಬಾವಿ ಹೀಗೆ ಮೊದಲು ನೋಡಲೇಬೇಕಾದ ಜಾಗಗಳನ್ನು ಅವು ಬೇಗ ಬೇಗ ನೋಡಿಕೊಂಡು ಬರುತ್ತವೆ. ಇನ್ನೊಂದಿಷ್ಟು ಜನ ದಾರಿಗಳು ಕೂಡುವಲ್ಲಿ, ಸೇತುವೆಯ ಬಳಿ, ಬಸ್ ನಿಲ್ದಾಣದಲ್ಲಿ ಕಾವಲು ನಿಲ್ಲುತ್ತಾರೆ. ಕಾಣೆಯಾದವರು ಆ ಪ್ರದೇಶ ದಾಟಿ ಹೋಗದಂತೆ, ಹೋದರೂ ಗೊತ್ತಾಗುವಂತೆ ಮಾಡುವ ಬೇಲಿ ಅದು. ಬೇಲಿ ಹಾಕದಿದ್ದರೆ ನೀವು ಇಲ್ಲಿ ಹುಡುಕುತ್ತಿರುವಾಗ ಅವರು ಅಲ್ಲಿ ನಡೆಯುತ್ತಲೇ ಇರುತ್ತಾರೆ.

ಇದೆಲ್ಲದರ ಜೊತೆಗೆ ಯಾರಾದರೊಬ್ಬರು ಮನೆಗೂ ಹೋಗುತ್ತಾರೆ. ಮಂಚದ ಕೆಳಗೆ, ಕಪಾಟಿನಲ್ಲಿ, ಕಾರಿನ ಹಿಂದಿನ ಸೀಟಿನಲ್ಲಿ, ಅಟ್ಟದ ಮೇಲೆ, ಕೊಟ್ಟಿಗೆಯಲ್ಲಿ ನೋಡುತ್ತಾರೆ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರು ಅನ್ನುವ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ಮನೆಯವರು 'ಆಗಲೇ ನೋಡಿದ್ದೇವೆ' ಅಂದರೂ ತಂಡದವರು ಇನ್ನೊಮ್ಮೆ ನೋಡುತ್ತಾರೆ, ಕೆಲವೊಮ್ಮೆ ಮೂರನೇ ಬಾರಿಯೂ.

ಮನೆಯವರನ್ನು ಅಷ್ಟೊಂದು ಪ್ರಶ್ನೆ ಕೇಳುವುದು ಯಾಕೆ? ಚಪ್ಪಲಿ ನಂಬರ್ ಬೇರೆ!

ಚಪ್ಪಲಿ ನಂಬರ್ ತುಂಬಾ ಮುಖ್ಯ. ಅಡಿಯ ಗುರುತು ಹೇಗಿದೆ ಎಂದು ಗೊತ್ತಿದ್ದರೆ ಹತ್ತು ಹೆಜ್ಜೆಗಳ ನಡುವೆ ಬೇಕಾದದ್ದನ್ನು ಆರಿಸಬಹುದು. ತೊಟ್ಟ ಬಟ್ಟೆಯ ಬಣ್ಣ, ಕುಡಿಯುವ ಮಾತ್ರೆಗಳು, ಸಿಗರೇಟು ಸೇದುತ್ತಾರೆಯೇ, ಯಾವ ಚಾಕಲೇಟ್ ತಿನ್ನುತ್ತಾರೆ, ಕತ್ತಲೆಗೆ ಹೆದರುತ್ತಾರೆಯೇ, ನಾಯಿಗೆ ಹೆದರುತ್ತಾರೆಯೇ, ಮನೆಯಲ್ಲಿ ಕರೆಯುವ ಮುದ್ದಿನ ಹೆಸರೇನು ಎಲ್ಲವನ್ನೂ ಕೇಳುತ್ತೇವೆ. ಮುಜುಗರದ ಪ್ರಶ್ನೆಗಳೂ ಇರುತ್ತವೆ: ಜಗಳ ಆಗಿತ್ತೇ, ಸಾಲ ಇತ್ತೇ, ಸಾಯುವ ಮಾತಾಡಿದ್ದರೇ. ಮಾನ ಹೋದೀತೆಂದು ಇಲ್ಲಿ ಮುಚ್ಚಿಟ್ಟ ಒಂದು ಮಾತು ಇಡೀ ತಂಡವನ್ನು ತಪ್ಪು ದಿಕ್ಕಿಗೆ ಕಳಿಸುತ್ತದೆ. ಬದುಕನ್ನು ಮುಗಿಸಿಕೊಳ್ಳಲು ಹೊರಟವರು ಸಾಮಾನ್ಯವಾಗಿ ತುಂಬಾ ದೂರ ಹೋಗಿರುವುದಿಲ್ಲ. ಚಾರಣಕ್ಕೆ ಹೋಗಿ ದಾರಿ ತಪ್ಪಿದವರು ಎಷ್ಟೋ ದೂರ ನಡೆದಿರುತ್ತಾರೆ. ಇಬ್ಬರನ್ನೂ ಒಂದೇ ರೀತಿ ಹುಡುಕಲಾಗದು.

ಇನ್ನೊಂದು ಮಾತು. ಕಾಣೆಯಾದವರು ತೊಟ್ಟು ಬಿಟ್ಟ ಬಟ್ಟೆಯನ್ನೋ ದಿಂಬಿನ ಹೊದಿಕೆಯನ್ನೋ ವಾಸನೆ ಹಿಡಿದು ಹುಡುಕುವ ನಾಯಿಗೆಂದು ನೀವೇ ಮಡಚಿ ತರಬೇಡಿ. ನಿಮ್ಮ ಕೈ ತಾಗಿದರೆ ಅದರಲ್ಲಿ ನಿಮ್ಮ ವಾಸನೆಯೂ ಸೇರುತ್ತದೆ. ಎಲ್ಲಿದೆ ಎಂದು ತೋರಿಸಿ, ನಾಯಿಯ ಜೊತೆಗಿರುವವರೇ ಎತ್ತಿಕೊಳ್ಳುತ್ತಾರೆ.

ಅಲ್ಲಿ ಯಾರ ಮಾತು ನಡೆಯುತ್ತದೆ?

ಒಬ್ಬರದು. 1970ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸಾಲುಸಾಲಾಗಿ ಕಾಳ್ಗಿಚ್ಚು ಹಬ್ಬಿದಾಗ ಅಲ್ಲಿನ ಇಲಾಖೆಗಳಿಗೆ ಒಂದು ಪಾಠ ಸಿಕ್ಕಿತು. ಜನರಿದ್ದರು, ವಾಹನಗಳಿದ್ದವು, ಆದರೆ ಒಬ್ಬರ ವೈರ್‌ಲೆಸ್ ಇನ್ನೊಬ್ಬರಿಗೆ ಕೇಳುತ್ತಿರಲಿಲ್ಲ, ಒಬ್ಬರ ಪದ ಇನ್ನೊಬ್ಬರಿಗೆ ಅರ್ಥವಾಗುತ್ತಿರಲಿಲ್ಲ. ಅಲ್ಲಿಂದ ಬೆಳೆದ ಆಡಳಿತ ಪದ್ಧತಿಯನ್ನೇ ಈಗ ಬಹಳಷ್ಟು ದೇಶಗಳ ಶೋಧ ತಂಡಗಳು ಬಳಸುತ್ತವೆ. ಮೇಲೆ ಒಬ್ಬ ಕಮಾಂಡರ್. ಅವರ ಕೆಳಗೆ ಮುಂದಿನದನ್ನು ಯೋಚಿಸುವವರು, ಈಗ ನಡೆಯುತ್ತಿರುವುದನ್ನು ನಡೆಸುವವರು, ಊಟ, ಬ್ಯಾಟರಿ, ವಾಹನ ಹೊಂದಿಸುವವರು, ಲೆಕ್ಕ ಇಡುವವರು. ಒಬ್ಬರ ಕೈಕೆಳಗೆ ಮೂರರಿಂದ ಏಳು ಜನ ಇರಬೇಕು, ಐದಾದರೆ ಒಳ್ಳೆಯದು. ಸಣ್ಣ ಹುಡುಕಾಟದಲ್ಲಿ ಇವೆಲ್ಲವನ್ನೂ ಒಬ್ಬರೇ ಜೀಪಿನ ಬಾನೆಟ್ ಮೇಲೆ ನಕ್ಷೆ ಹರಡಿಕೊಂಡು ಮಾಡುವುದೂ ಉಂಟು.

ಬಂದವರು ಬರುವಾಗ ಸಹಿ ಮಾಡಬೇಕು, ಹೋಗುವಾಗಲೂ ಮಾಡಬೇಕು. ಎರಡನೆಯದನ್ನು ಮರೆತು ಮನೆಗೆ ಹೋಗಿ ಮಲಗಿದವರಿಗಾಗಿ ರಾತ್ರಿಯೆಲ್ಲ ಹುಡುಕಿದ ಕಥೆ ಹಳಬರಲ್ಲಿ ಯಾರನ್ನು ಕೇಳಿದರೂ ಒಂದಾದರೂ ಸಿಗುತ್ತದೆ.

ಇಷ್ಟು ದೊಡ್ಡ ಕಾಡಿನಲ್ಲಿ ಎಲ್ಲಿ ಹುಡುಕಬೇಕೆಂದು ಹೇಗೆ ತೀರ್ಮಾನಿಸುತ್ತೀರಿ?

ಇಡೀ ವಿದ್ಯೆ ಇರುವುದು ಈ ಪ್ರಶ್ನೆಯ ಉತ್ತರದಲ್ಲಿ.

ಕೊನೆಯ ಬಾರಿ ಕಂಡ ಜಾಗದಿಂದ ಶುರು ಮಾಡೋಣ. ಒಬ್ಬರು ಗಂಟೆಗೆ ಎರಡು ಕಿ.ಮೀ. ನಡೆಯುತ್ತಾರೆ ಅನ್ನಿ. ಯಾವ ದಿಕ್ಕಿಗೆ ಹೋದರೋ ಗೊತ್ತಿಲ್ಲ. ಒಂದು ಗಂಟೆಯ ನಂತರ ಅವರು ಸುಮಾರು 12.5 ಚದರ ಕಿ.ಮೀ. ಜಾಗದಲ್ಲಿ ಎಲ್ಲಾದರೂ ಇರಬಹುದು. ಮೂರು ಗಂಟೆಯ ನಂತರ ಅದು 113 ಚದರ ಕಿ.ಮೀ. ಹೊತ್ತು ಮೂರು ಪಟ್ಟಾದರೆ ಜಾಗ ಒಂಬತ್ತು ಪಟ್ಟಾಗುತ್ತದೆ. 'ನಾಳೆವರೆಗೂ ನೋಡೋಣ, ಬಂದರೂ ಬರಬಹುದು' ಎಂದು ದೂರು ಕೊಡುವುದನ್ನು ಮುಂದೂಡಿದರೆ ಆಗುವ ನಷ್ಟ ಇದು.

ಇಷ್ಟೂ ಜಾಗವನ್ನು ಹುಡುಕಲಾಗದು, ಹುಡುಕಬೇಕಾಗಿಯೂ ಇಲ್ಲ. ದಾರಿ ತಪ್ಪಿದ ಜನರ ವರ್ತನೆಯಲ್ಲಿ ಒಂದು ಮಟ್ಟದ ಪುನರಾವರ್ತನೆ ಇರುತ್ತದೆ. ಹಲವು ದೇಶಗಳ ಸಾವಿರಾರು ಹಳೆಯ ಪ್ರಕರಣಗಳನ್ನು ಒಟ್ಟುಹಾಕಿದ ದತ್ತಾಂಶ ಈಗ ಇದೆ. ನಾಲ್ಕು ವರ್ಷದ ಮಗು, ಬೇಟೆಗೆ ಹೋದವರು, ಅಣಬೆ ಆರಿಸಲು ಹೋದವರು, ಮರೆವಿನ ಕಾಯಿಲೆಯವರು ಸಾಮಾನ್ಯವಾಗಿ ಎಷ್ಟು ದೂರದಲ್ಲಿ ಸಿಗುತ್ತಾರೆ, ದಾರಿಯಿಂದ ಎಷ್ಟು ಒಳಗೆ ಸಿಗುತ್ತಾರೆ ಎಂದು ಅದರಲ್ಲಿ ನೋಡಬಹುದು. ಅದಕ್ಕೆ ನಕ್ಷೆಯನ್ನೂ ಅನುಭವವನ್ನೂ ಕೂಡಿಸಿ ಪ್ರದೇಶವನ್ನು ತುಂಡುಗಳಾಗಿ ಮಾಡುತ್ತಾರೆ. ಹಳ್ಳ, ಬೇಲಿ, ದಾರಿಯಂಥ ಕಣ್ಣಿಗೆ ಕಾಣುವ ಗುರುತೇ ತುಂಡಿನ ಗಡಿ. ಪ್ರತಿ ತುಂಡಿಗೂ 'ಇಲ್ಲಿ ಇರುವ ಸಾಧ್ಯತೆ ಇಷ್ಟು' ಎಂದು ಅಂಕ ಕೊಡುತ್ತಾರೆ. ನಾಲ್ಕೈದು ಜನ ಪ್ರತ್ಯೇಕವಾಗಿ ಬರೆದುಕೊಟ್ಟು, ಆಮೇಲೆ ಸರಾಸರಿ ತೆಗೆಯುವುದು ಒಳ್ಳೆಯ ಪದ್ಧತಿ. ಒಟ್ಟಿಗೆ ಕೂತು ಮಾತಾಡಿದರೆ ಜೋರು ಗಂಟಲಿನವರ ಅಂಕವೇ ಎಲ್ಲರ ಅಂಕವಾಗಿಬಿಡುತ್ತದೆ.

ಇದರ ಗಣಿತ ಬಂದದ್ದು ಯುದ್ಧದಿಂದ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ನೌಕಾಪಡೆಗಾಗಿ ಜಲಾಂತರ್ಗಾಮಿಗಳನ್ನು ಹುಡುಕುವ ಲೆಕ್ಕ ಹಾಕಿದವರು ಬರ್ನಾರ್ಡ್ ಕೂಪ್ಮನ್ ಎಂಬ ಗಣಿತಜ್ಞ. ಅವರ ಲೆಕ್ಕದ ತಿರುಳು ಸರಳ: ಸಿಗುವ ಸಾಧ್ಯತೆ ಎಂದರೆ 'ಅಲ್ಲಿ ಇರುವ ಸಾಧ್ಯತೆ' ಗುಣಿಸು 'ಇದ್ದರೆ ಕಣ್ಣಿಗೆ ಬೀಳುವ ಸಾಧ್ಯತೆ'.

ಒಂದು ಉದಾಹರಣೆ. ಮೂರು ತುಂಡುಗಳಿಗೆ 50, 30, 20 ಎಂದು ಅಂಕ ಕೊಟ್ಟಿದ್ದೇವೆ. ಮೊದಲನೆಯದನ್ನು ಹುಡುಕಿದ ತಂಡ ಬಂದು 'ಸಿಗಲಿಲ್ಲ, ಆದರೆ ಪೊದೆ ದಟ್ಟವಾಗಿತ್ತು, ಇದ್ದಿದ್ದರೆ ಕಾಣುವ ಸಾಧ್ಯತೆ ನೂರಕ್ಕೆ 60 ಇತ್ತು' ಅನ್ನುತ್ತದೆ. ಆಗ ಹೊಸ ಲೆಕ್ಕದಲ್ಲಿ ಮೊದಲ ತುಂಡು ಸುಮಾರು 29ಕ್ಕೆ ಇಳಿಯುತ್ತದೆ, ಎರಡನೆಯದು ಸುಮಾರು 43ಕ್ಕೆ ಏರುತ್ತದೆ. ಯಾರೂ ಸಿಗಲಿಲ್ಲ, ಆದರೂ ಮುಂದೆ ಎಲ್ಲಿಗೆ ಹೋಗಬೇಕೆಂದು ಗೊತ್ತಾಯಿತು. ಮೊದಲ ತುಂಡು ಸೊನ್ನೆಗೆ ಇಳಿದಿಲ್ಲ ಎಂಬುದನ್ನೂ ಗಮನಿಸಿ. 'ಅಲ್ಲಿ ಇಲ್ಲ' ಎಂದು ಯಾರೂ ಹೇಳಿಲ್ಲ. 'ಅಲ್ಲಿ ನಮಗೆ ಕಾಣಲಿಲ್ಲ' ಎಂದಷ್ಟೇ ಹೇಳಿದ್ದಾರೆ.

ಈ ಲೆಕ್ಕ ನಿಂತಿರುವುದು ವಾಪಸು ಬಂದವರ ಪ್ರಾಮಾಣಿಕತೆಯ ಮೇಲೆ. ದಣಿದು ಬಂದು 'ಎಲ್ಲ ನೋಡಿದೆವು ಸಾರ್, ಒಂದು ಇಲಿಯೂ ತಪ್ಪಿಲ್ಲ' ಅನ್ನುವ ಗಟ್ಟಿಗನಿಗಿಂತ, 'ಆ ಮುಳ್ಳಿನ ಮೆಳೆಯ ಒಳಗೆ ನಾನು ಹೋಗಲಿಲ್ಲ, ಹೆದರಿಕೆಯಾಯಿತು' ಎಂದು ಒಪ್ಪಿಕೊಳ್ಳುವವರು ತಂಡಕ್ಕೆ ಹತ್ತು ಪಟ್ಟು ಹೆಚ್ಚು ಉಪಯೋಗಕ್ಕೆ ಬರುತ್ತಾರೆ.

ದಾರಿ ತಪ್ಪಿದವರು ಸುತ್ತಿ ಸುತ್ತಿ ಅಲ್ಲಿಗೇ ಬರುತ್ತಾರೆ ಅನ್ನುವುದು ನಿಜವೇ?

ಬಹುಮಟ್ಟಿಗೆ ನಿಜ. ಜರ್ಮನಿಯ ಟ್ಯೂಬಿಂಗೆನ್‌ನಲ್ಲಿರುವ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ವಿಜ್ಞಾನಿಗಳು ಜನರನ್ನು ಕಾಡಿನಲ್ಲೂ ಸಹಾರಾ ಮರುಭೂಮಿಯಲ್ಲೂ ನೇರ ನಡೆಯಲು ಹೇಳಿ ಜಿಪಿಎಸ್ ಹಾಕಿ ನೋಡಿದರು. 2009ರಲ್ಲಿ ಫಲಿತಾಂಶ ಪ್ರಕಟವಾಯಿತು. ಸೂರ್ಯನೋ ಚಂದ್ರನೋ ಕಾಣುತ್ತಿದ್ದಾಗ ಸುಮಾರಾಗಿ ನೇರ ನಡೆದವರು, ಮೋಡ ಕವಿದಾಗ ತಮಗೇ ತಿಳಿಯದೆ ಸುತ್ತು ಹೊಡೆದು ತಾವು ದಾಟಿದ ದಾರಿಯನ್ನೇ ಮತ್ತೆ ದಾಟಿದರು. ಒಂದು ಕಾಲು ಉದ್ದ, ಒಂದು ಗಿಡ್ಡ ಎಂಬ ಹಳೆಯ ವಿವರಣೆ ನಿಲ್ಲಲಿಲ್ಲ. ಒಬ್ಬರೇ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತಿರುಗುತ್ತಿದ್ದರು.

ಹೆಸರು ಹಿಡಿದು ಕೂಗಿದರೆ ಉತ್ತರ ಬರುವುದಿಲ್ಲವೇ?

ಎಲ್ಲರಿಂದಲೂ ಬರುವುದಿಲ್ಲ. ಎರಡು ಮೂರು ವರ್ಷದ ಮಗು ಪೊದೆಯ ಕೆಳಗೆ ನುಸುಳಿ ನಿದ್ದೆ ಹೋಗಿರುತ್ತದೆ. ಸ್ವಲ್ಪ ದೊಡ್ಡ ಮಗು ಬೈಗುಳಕ್ಕೋ ಅಪರಿಚಿತರಿಗೋ ಹೆದರಿ ಬೇಕೆಂದೇ ಬಚ್ಚಿಟ್ಟುಕೊಳ್ಳುತ್ತದೆ. ಮರೆವಿನ ಕಾಯಿಲೆಯವರು ಕೂಗಿದ್ದು ಕೇಳಿದರೂ ಓಗೊಡದೆ, ಎದುರಿಗೆ ಸಿಕ್ಕ ದಿಕ್ಕಿನಲ್ಲಿ ನಡೆದು, ಮುಂದೆ ಹೋಗಲಾಗದ ಪೊದೆಯಲ್ಲೋ ಕೊರಕಲಿನಲ್ಲೋ ಸಿಕ್ಕಿಕೊಳ್ಳುವುದು ಹೆಚ್ಚು. ಹಾಗಾಗಿ ಅವರು ದಾರಿ ಬಿಟ್ಟ ಜಾಗದ ಹತ್ತಿರದ ಮುಳ್ಳುಕಂಟಿಯನ್ನು ಬಗ್ಗಿ ನೋಡದೆ ಮುಂದೆ ಹೋಗಬಾರದು.

2023ರ ಮೇ 1ರಂದು ಕೊಲಂಬಿಯಾದ ಅಮೆಜಾನ್ ಕಾಡಿನಲ್ಲಿ ಸಣ್ಣ ವಿಮಾನವೊಂದು ಬಿತ್ತು. ದೊಡ್ಡವರು ಮೂವರೂ ಸತ್ತರು, ನಾಲ್ಕು ಮಕ್ಕಳು ಕಾಡಿಗಿಳಿದರು. ಸೈನಿಕರೂ ಮೂಲನಿವಾಸಿ ಸಮುದಾಯಗಳ ಸ್ವಯಂಸೇವಕರೂ ಸೇರಿ ಹುಡುಕಿದರು. ಒಂದೆಡೆ ನಿಂತುಕೊಳ್ಳಿ ಎಂದು ಅಜ್ಜಿ ತಮ್ಮ ಭಾಷೆಯಲ್ಲಿ ಹೇಳಿದ್ದನ್ನು ಧ್ವನಿಮುದ್ರಿಸಿ ಹೆಲಿಕಾಪ್ಟರ್‌ನ ಧ್ವನಿವರ್ಧಕದಲ್ಲಿ ಹಾಕಿದರು. ಮಕ್ಕಳು ಸಿಕ್ಕಿದ್ದು ಜೂನ್ 9ರಂದು, ವಿಮಾನ ಬಿದ್ದ ಜಾಗದಿಂದ ಸುಮಾರು ಐದು ಕಿ.ಮೀ. ದೂರದಲ್ಲಿ, ನಾಲ್ವರೂ ಜೀವಂತ. ಅದಕ್ಕೂ ಮೊದಲು ತಂಡಗಳು ಅವರ ತೀರಾ ಸಮೀಪದಲ್ಲೇ ದಾಟಿಹೋಗಿದ್ದವು.

ಕೂಗುವುದಕ್ಕೂ ಒಂದು ಕ್ರಮವಿದೆ. ಎಲ್ಲರೂ ವೈರ್‌ಲೆಸ್ ಸೂಚನೆಗೆ ಒಂದೇ ಕ್ಷಣ ಸೀಟಿ ಊದಿ, ಆಮೇಲೆ ಒಂದು ನಿಮಿಷ ಉಸಿರು ಬಿಗಿಹಿಡಿದು ಕೇಳಿಸಿಕೊಳ್ಳಬೇಕು. ನಡೆಯುತ್ತ ಕೂಗುತ್ತಲೇ ಇದ್ದರೆ ನಮ್ಮ ಗದ್ದಲವೇ ನಮಗೆ ಕೇಳುವುದು.

ಸಾಲಾಗಿ ಕೈಗೆ ಕೈ ತಾಗುವಂತೆ ನಿಂತು ಹುಡುಕುತ್ತೀರಲ್ಲವೇ?

ಟಿ.ವಿ.ಯಲ್ಲಿ ಕಾಣುವುದು ಅದೇ. ನಿಜದಲ್ಲಿ ಅದು ಕೊನೆಯ ಅಸ್ತ್ರ. ಆರು ಜನ ಹತ್ತು ಮೀಟರ್ ಅಂತರದಲ್ಲಿ ನಡೆದರೆ 60 ಮೀಟರ್ ಅಗಲದ ಪಟ್ಟಿ ಮುಗಿಯುತ್ತದೆ. ಗಂಟೆಗೆ ಒಂದು ಕಿ.ಮೀ. ವೇಗದಲ್ಲಿ ಒಂದು ಚದರ ಕಿ.ಮೀ. ಮುಗಿಸಲು ಅವರಿಗೆ ಸುಮಾರು 17 ಗಂಟೆ ಬೇಕು. ಒತ್ತೊತ್ತಾಗಿ ನಿಂತರೆ ಇನ್ನೆಷ್ಟು ಬೇಕೋ ಲೆಕ್ಕ ಹಾಕಿಕೊಳ್ಳಿ. ಅಂತರ ಹೆಚ್ಚಿಸಿದರೆ ಕಾಣುವ ಸಾಧ್ಯತೆ ಇಳಿಯುತ್ತದೆ ನಿಜ, ಆದರೆ ಉಳಿದ ಹೊತ್ತಿನಲ್ಲಿ ಇನ್ನೊಂದು ಸುತ್ತು ಹಾಕಬಹುದು. ಅರ್ಧದಷ್ಟು ಸಾಧ್ಯತೆಯ ಎರಡು ಸುತ್ತು ಸೇರಿದರೆ ನೂರಕ್ಕೆ 75 ಆಗುತ್ತದೆ. ಅದೂ ಬೇರೆ ಬೇರೆ ದಿಕ್ಕಿನಿಂದ, ಬೇರೆ ಬೇರೆ ಬೆಳಕಿನಲ್ಲಿ ನೋಡಿದ 75.

ಎಷ್ಟು ಅಂತರ ಎಂಬುದನ್ನು ಅಲ್ಲೇ ಅಳೆಯುತ್ತಾರೆ. ಕಾಣೆಯಾದವರ ಬಟ್ಟೆಯ ಬಣ್ಣದ ಚೀಲವೊಂದನ್ನು ನೆಲದ ಮೇಲಿಟ್ಟು, ಎಂಟು ದಿಕ್ಕಿನಿಂದ ಅದರತ್ತ ನಡೆದು, ಎಲ್ಲಿ ಕಣ್ಣಿಗೆ ಬಿತ್ತು ಎಂದು ಗುರುತು ಮಾಡಿ ಸರಾಸರಿ ತೆಗೆಯುತ್ತಾರೆ. ದೂರದಿಂದ ನೋಡಿದವರಿಗೆ ಇದು ಯಾವುದೋ ಪೂಜೆಯ ಪ್ರದಕ್ಷಿಣೆಯಂತೆ ಕಾಣುತ್ತದೆ. ಬ್ರಿಟನ್ನಿನಲ್ಲಿ ಇದಕ್ಕೆ 'ಮಳೆ ಕುಣಿತ' ಎಂಬ ಅಡ್ಡಹೆಸರೂ ಇದೆ.

ಹೊಸಬರು ಮಾಡುವ ದೊಡ್ಡ ತಪ್ಪು ಮುಂದೆ ಮಾತ್ರ ನೋಡುವುದು. ಹತ್ತು ಹೆಜ್ಜೆಗೊಮ್ಮೆ ಹಿಂದಕ್ಕೆ ತಿರುಗಿ. ಬಂಡೆಯ ಆಚೆ ಮಗ್ಗುಲು ಕಾಣುವುದು ದಾಟಿದ ಮೇಲೆಯೇ. ನಾನು ಮೊದಲ ಅಭ್ಯಾಸದ ದಿನ ಬಚ್ಚಿಟ್ಟುಕೊಂಡಿದ್ದ ಗೆಳೆಯನನ್ನು ಮೂರು ಮೀಟರ್ ದೂರದಲ್ಲಿ ದಾಟಿಹೋಗಿದ್ದೆ. ಅವನು ನಗು ತಡೆಯಲಾಗದೆ ಸಿಕ್ಕಿಬಿದ್ದ.

ಸುಳಿವು ಸಿಕ್ಕರೆ ಏನು ಮಾಡಬೇಕು?

ಮುಟ್ಟಬೇಡಿ. ನಿಂತು, ವೈರ್‌ಲೆಸ್‌ನಲ್ಲಿ ತಿಳಿಸಿ, ಜಾಗ ಬರೆದುಕೊಂಡು, ಫೋಟೋ ತೆಗೆದು, ಬಣ್ಣದ ಟೇಪ್ ಕಟ್ಟಿ. ಹುಡುಕುತ್ತಿರುವ ವ್ಯಕ್ತಿ ಒಬ್ಬರೇ, ಅವರು ಬಿಟ್ಟ ಗುರುತು ನೂರಾರು. ಮುರಿದ ರೆಂಬೆ, ಬಿಸಾಡಿದ ಕಾಗದ, ಇಬ್ಬನಿ ಅಳಿಸಿಹೋದ ಹುಲ್ಲು ಎಲ್ಲವೂ ಗುರುತೇ. ಹೆಜ್ಜೆ ಕಾಣಲು ಟಾರ್ಚನ್ನು ಮೇಲಿನಿಂದ ಬಿಡಬಾರದು, ನೆಲಕ್ಕೆ ತಾಗುವಷ್ಟು ತಗ್ಗಿಸಿ ಅಡ್ಡಕ್ಕೆ ಬಿಡಬೇಕು. ನೆರಳು ಬಿದ್ದಾಗ ಗುರುತು ಎದ್ದು ಕಾಣುತ್ತದೆ. ಕೊನೆಗೆ ಪ್ರಕರಣ ಅಪರಾಧದ್ದಾಗಿಬಿಟ್ಟರೆ ನೀವು ಮುಟ್ಟದೆ ಬಿಟ್ಟದ್ದೇ ಸಾಕ್ಷಿಯಾಗುತ್ತದೆ.

ನಾಯಿಗಳು ನಿಜಕ್ಕೂ ಹೇಗೆ ಹುಡುಕುತ್ತವೆ?

ಎರಡು ಬಗೆ. ಒಂದು, ಒಬ್ಬರದೇ ವಾಸನೆ ಹಿಡಿದು ಅವರು ನಡೆದ ಜಾಡಿನಲ್ಲಿ ಹೋಗುವುದು. ಇನ್ನೊಂದು, ಗಾಳಿಯಲ್ಲಿ ತೇಲಿಬರುವ ಯಾವುದೇ ಮನುಷ್ಯರ ವಾಸನೆಯನ್ನು ಹಿಡಿಯುವುದು. ಈ ಎರಡನೆಯ ಬಗೆಯ ನಾಯಿಯನ್ನು ಗಾಳಿಗೆ ಅಡ್ಡಲಾಗಿ ನಡೆಸುತ್ತಾರೆ. ಯಾವ ಮನುಷ್ಯರ ವಾಸನೆಯಾದರೂ ಅದು ಹಿಡಿಯುವುದರಿಂದ ಊರಿನವರೆಲ್ಲ ಕಾಡಿಗೆ ನುಗ್ಗಿದ್ದರೆ ಅದಕ್ಕೆ ತಲೆಕೆಡುತ್ತದೆ. ಕುಸಿದ ಕಟ್ಟಡಗಳಲ್ಲಿ ದಿನಗಟ್ಟಲೆ ಜೀವಂತ ಯಾರೂ ಸಿಗದಿದ್ದರೆ ನಾಯಿ ಮಂಕಾಗುತ್ತದೆ. ಆಗ ತಂಡದವರೇ ಒಬ್ಬರು ಬಚ್ಚಿಟ್ಟುಕೊಂಡು ಅದರ ಕೈಗೆ 'ಸಿಕ್ಕಿಬೀಳುತ್ತಾರೆ', ಅದನ್ನು ಮುದ್ದು ಮಾಡುತ್ತಾರೆ.

ಆಲ್ಪ್ಸ್‌ನ ಸೇಂಟ್ ಬರ್ನಾರ್ಡ್ ಮಠದ ಬ್ಯಾರಿ ಎಂಬ ನಾಯಿ 1800ರಿಂದ 1814ರವರೆಗೆ ಬದುಕಿತ್ತು. ನಲವತ್ತು ಜನರನ್ನು ಉಳಿಸಿತು ಎಂಬ ಪ್ರತೀತಿ ಇದೆ. ಕೊರಳಲ್ಲಿ ಬ್ರಾಂದಿಯ ಪೀಪಾಯಿ ಕಟ್ಟಿಕೊಂಡಿತ್ತು ಎಂಬುದು ಮಾತ್ರ ಬರೀ ದಂತಕಥೆ. ಇಲ್ಲದ್ದೇ ಒಳ್ಳೆಯದು. ಚಳಿಯಲ್ಲಿ ಸೆಟೆದವರಿಗೆ ಮದ್ಯ ಕೊಟ್ಟರೆ ಮೈಯ ಬಿಸಿ ಇನ್ನೂ ಬೇಗ ಹೋಗುತ್ತದೆ.

ಡ್ರೋನ್, ಮೊಬೈಲ್ ಎಲ್ಲ ಇರುವಾಗ ಕಾಲ್ನಡಿಗೆಯ ಹುಡುಕಾಟ ಏಕೆ?

ಮೊಬೈಲ್‌ನಿಂದ ಎಷ್ಟೋ ಹುಡುಕಾಟ ಶುರುವಾಗುವ ಮೊದಲೇ ಮುಗಿಯುತ್ತವೆ. ತಂಡ ಒಂದು ಸಂದೇಶ ಕಳಿಸುತ್ತದೆ, ದಾರಿ ತಪ್ಪಿದವರು ಅದರಲ್ಲಿನ ಕೊಂಡಿ ಒತ್ತಿದರೆ ಜಾಗ ಗೊತ್ತಾಗುತ್ತದೆ. 406 ಮೆಗಾಹರ್ಟ್ಸ್‌ನ ತುರ್ತು ಬೀಕನ್ (ಅಪಾಯದ ಸಂಕೇತ ಕಳಿಸುವ ಸಾಧನ) ಇದ್ದರೆ ಉಪಗ್ರಹಗಳೇ ಕೂಗು ಕೇಳಿಸಿಕೊಳ್ಳುತ್ತವೆ. ಶೀತಲ ಸಮರದ ನಡುವೆಯೂ ಸೋವಿಯತ್ ಒಕ್ಕೂಟ, ಅಮೆರಿಕ, ಕೆನಡಾ, ಫ್ರಾನ್ಸ್ ಸೇರಿ ಕಟ್ಟಿದ ಆ ಉಪಗ್ರಹ ವ್ಯವಸ್ಥೆ 1982ರಿಂದ ಜೀವ ಉಳಿಸುತ್ತಿದೆ. ಡ್ರೋನಿನ ಶಾಖ ಕ್ಯಾಮೆರಾ ಬಯಲಿನಲ್ಲಿ, ನಸುಕಿನಲ್ಲಿ ಅದ್ಭುತ. ದಟ್ಟ ಎಲೆಯ ಚಪ್ಪರದ ಕೆಳಗೆ ಅದಕ್ಕೆ ಕಣ್ಣಿಲ್ಲ. ಮಧ್ಯಾಹ್ನದ ಬಿಸಿಲಿಗೆ ಕಾದ ಪ್ರತಿ ಬಂಡೆಯೂ ಅದಕ್ಕೆ ಮನುಷ್ಯನಂತೆ ಕಾಣಬಹುದು.

ಸಿಕ್ಕ ಮೇಲೆ ಕೆಲಸ ಮುಗಿಯಿತಲ್ಲ?

ಅರ್ಧ ಮುಗಿಯಿತು. ನಡೆಯಲಾಗದವರನ್ನು ಹೊತ್ತು ತರಬೇಕು. ಸ್ಟ್ರೆಚರ್‌ಗೆ ಒಂದು ಸಲಕ್ಕೆ ಆರು ಜನ. ದಾರಿ ಉದ್ದವಿದ್ದರೆ ಕೈ ಬದಲಾಯಿಸಲು ಮೂರು ಗುಂಪು, ಒಟ್ಟು ಹದಿನೆಂಟು ಜನ. ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ ಅನ್ನುವುದು ಇಲ್ಲಿ ಅಕ್ಷರಶಃ ನಿಜ.

ಮೈಯ ಒಳಗಿನ ಬಿಸಿ 35 ಡಿಗ್ರಿ ಸೆಲ್ಸಿಯಸ್‌ಗಿಂತ ಇಳಿದರೆ ಅಪಾಯ ಶುರು. ನಡುಗುತ್ತಿದ್ದವರು ನಡುಗುವುದನ್ನು ನಿಲ್ಲಿಸಿದರೆ ಸಮಾಧಾನಪಡಬೇಡಿ, ಸ್ಥಿತಿ ಕೆಟ್ಟಿದೆ ಎಂದರ್ಥ. ಅಂಥವರ ಕೈಕಾಲು ತಿಕ್ಕಬಾರದು, ಎಬ್ಬಿಸಿ ನಡೆಸಬಾರದು. ಒರಟಾಗಿ ಅಲುಗಿಸಿದರೂ ಹೃದಯದ ಬಡಿತ ಹದ ತಪ್ಪಬಹುದು. ಹಾಗೆಯೇ, ತಣ್ಣಗಾದವರನ್ನು ಸತ್ತರೆಂದು ಬೇಗ ತೀರ್ಮಾನಿಸಲೂಬಾರದು. 1999ರಲ್ಲಿ ನಾರ್ವೆಯಲ್ಲಿ ಹಿಮದ ಹೊಳೆಗೆ ಬಿದ್ದ ವೈದ್ಯೆಯೊಬ್ಬರ ಮೈಬಿಸಿ 13.7 ಡಿಗ್ರಿಗೆ ಇಳಿದಿತ್ತು. ಅವರು ಚೇತರಿಸಿಕೊಂಡು ಕೆಲಸಕ್ಕೂ ಮರಳಿದರು.

ಅವಶೇಷಗಳಡಿ ಕಾಲು ಸಿಕ್ಕಿಕೊಂಡು ಹಲವು ಗಂಟೆಯಾಗಿದ್ದರೆ ಕಲ್ಲನ್ನು ಥಟ್ಟನೆ ಎತ್ತುವುದೂ ಅಪಾಯ. ನಜ್ಜುಗುಜ್ಜಾದ ಸ್ನಾಯುವಿನ ವಿಷ ಒಮ್ಮೆಲೇ ರಕ್ತಕ್ಕೆ ಸೇರಿ ಹೃದಯ, ಮೂತ್ರಪಿಂಡ ಕೆಡುತ್ತವೆ. ಎತ್ತುವ ಮೊದಲೇ ಡ್ರಿಪ್ ಹಾಕುವುದು ಅದಕ್ಕೇ. ಲಂಡನ್ ಮೇಲೆ ಬಾಂಬ್ ಬಿದ್ದ ಕಾಲದ ಪ್ರಕರಣಗಳನ್ನು ನೋಡಿ ವೈದ್ಯರು ಇದನ್ನು ವಿವರಿಸಿದ್ದು 1941ರಲ್ಲಿ.

ನೀರು, ಗುಹೆಗಳಲ್ಲೂ ಇದೇ ತಂಡ ಹೋಗುತ್ತದೆಯೇ?

ಅದಕ್ಕೆ ಬೇರೆಯೇ ತರಬೇತಿ ಬೇಕು. ನೀರಿನ ನಿಯಮ: ಮೊದಲು ದಡದಿಂದ ಕೋಲು ಚಾಚು, ಆಗದಿದ್ದರೆ ಹಗ್ಗ ಎಸೆ, ಅದೂ ಆಗದಿದ್ದರೆ ದೋಣಿ, ಕೊನೆಗೆ ಬೇರೆ ದಾರಿಯೇ ಇಲ್ಲದಾಗ ಮಾತ್ರ ಇಳಿ. ಈಜು ಬರುತ್ತದೆ ಎಂದು ಮೊದಲೇ ಹಾರಿದವರ ಶವವನ್ನೂ ನಾವು ಎತ್ತಬೇಕಾಗುತ್ತದೆ.

2018ರಲ್ಲಿ ಥಾಯ್ಲೆಂಡಿನ ಥಾಮ್ ಲುವಾಂಗ್ ಗುಹೆಯಲ್ಲಿ ಜೂನ್ 23ರಂದು ಸಿಲುಕಿದ 12 ಹುಡುಗರು ಮತ್ತು ಅವರ ಕೋಚ್ ಜೀವಂತ ಇದ್ದಾರೆಂದು ಜುಲೈ 2ರಂದು ಕಂಡುಹಿಡಿದವರು ಬ್ರಿಟನ್ನಿನ ಇಬ್ಬರು ಹವ್ಯಾಸಿ ಗುಹಾ ಮುಳುಗುಗಾರರು. ನೀರು ತುಂಬಿದ ಇಕ್ಕಟ್ಟಿನಲ್ಲಿ ಅವರಷ್ಟು ಅನುಭವ ಬಹಳ ಕಡಿಮೆ ಜನಕ್ಕಿತ್ತು. ಗಾಳಿಯ ಸಿಲಿಂಡರ್ ಇಟ್ಟು ಹಿಂತಿರುಗುವಾಗ ನೌಕಾಪಡೆಯ ಮಾಜಿ ಯೋಧ, ಸ್ವಯಂಸೇವಕ ಸಮನ್ ಕುನಾನ್ ಸತ್ತರು. ಜುಲೈ 8ರಿಂದ 10ರವರೆಗೆ ಹದಿಮೂರೂ ಜನರನ್ನು ಹೊರತಂದರು. ಹೊರಗೆ ಪಂಪು ಓಡಿಸಿದವರು, ಅಡುಗೆ ಮಾಡಿದವರು, ಪಂಪಿನ ನೀರು ತಮ್ಮ ಗದ್ದೆಗೆ ನುಗ್ಗಲು ಬಿಟ್ಟ ರೈತರೂ ಆ ಕಾರ್ಯಾಚರಣೆಯ ಭಾಗವೇ.

ನನಗೇನೂ ಬರುವುದಿಲ್ಲ. ಸೇರಬಹುದೇ?

ಬನ್ನಿ. ನಕ್ಷೆ ಓದುವುದು, ಪ್ರಥಮ ಚಿಕಿತ್ಸೆ, ವೈರ್‌ಲೆಸ್‌ನಲ್ಲಿ ಚುಟುಕಾಗಿ ಮಾತಾಡುವುದು, ಹಗ್ಗದ ಗಂಟು, ಜಾಡು ಹಿಡಿಯುವುದು ಇವೆಲ್ಲ ತಿಂಗಳುಗಟ್ಟಲೆಯ ಅಭ್ಯಾಸದಿಂದ ಬರುತ್ತವೆ. ಬೆಟ್ಟ ಹತ್ತುವ ಶಕ್ತಿ ಇಲ್ಲದವರಿಗೆ ವೈರ್‌ಲೆಸ್ ಮೇಜು, ನಕ್ಷೆ, ಮನೆಯವರ ಜೊತೆಗಿರುವ ಕೆಲಸ ಇದೆ. ನನ್ನ ಮಟ್ಟಿಗೆ ಕೊನೆಯದೇ ಎಲ್ಲಕ್ಕಿಂತ ಕಷ್ಟದ್ದು. ವೀರನಾಗಲು ಬರುವವರು ಮಾತ್ರ ಬೇಗ ಬೇಸತ್ತು ಹೋಗುತ್ತಾರೆ. ಹತ್ತು ಕರೆಗಳಲ್ಲಿ ಆರು ಸಲ ನೀವು ತಲುಪುವಷ್ಟರಲ್ಲಿ 'ಸಿಕ್ಕಿದ್ದಾರೆ, ವಾಪಸು ಹೋಗಿ' ಎಂಬ ಸಂದೇಶ ಬಂದಿದ್ದರೂ ಆಶ್ಚರ್ಯವಿಲ್ಲ.

ಚೀಲದಲ್ಲಿ ಏನಿರಬೇಕು?

ರಾತ್ರಿ ಅಲ್ಲೇ ಕಳೆಯಬೇಕಾಗಿ ಬಂದರೂ ಯಾರಿಗೂ ಹೊರೆಯಾಗದಷ್ಟು. ನೀರು, ತಿಂಡಿ, ಮಳೆ ಅಂಗಿ, ಬೆಚ್ಚನೆಯ ಬಟ್ಟೆ, ತಲೆಗೆ ಕಟ್ಟುವ ಟಾರ್ಚ್ ಮತ್ತು ಹೆಚ್ಚುವರಿ ಬ್ಯಾಟರಿ, ಸೀಟಿ, ದಿಕ್ಸೂಚಿ, ಪ್ರಥಮ ಚಿಕಿತ್ಸೆಯ ಸಾಮಾನು, ಪೆನ್ಸಿಲ್. ಮಳೆಯಲ್ಲಿ ಪೆನ್ನು ಬರೆಯುವುದಿಲ್ಲ.

ಹುಡುಕಿದ್ದಕ್ಕೆ ಮನೆಯವರು ಹಣ ಕೊಡಬೇಕೇ?

ಸ್ವಯಂಸೇವಕ ತಂಡಗಳು ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ. ಹೆಲಿಕಾಪ್ಟರ್, ಆಂಬುಲೆನ್ಸ್‌ಗಳ ಲೆಕ್ಕ ದೇಶದಿಂದ ದೇಶಕ್ಕೆ ಬೇರೆ. ಬಿಲ್ಲಿಗೆ ಹೆದರಿ ಜನ ಕರೆ ಮಾಡುವುದನ್ನು ತಡಮಾಡುತ್ತಾರೆ, ತಡವಾದರೆ ಏನಾಗುತ್ತದೆಂದು ಮೇಲೆ ಲೆಕ್ಕ ಹಾಕಿದೆವಲ್ಲ. ಅದಕ್ಕೇ ತಂಡಗಳು ಶುಲ್ಕವನ್ನು ವಿರೋಧಿಸುತ್ತವೆ.

ಹುಡುಕಾಟವನ್ನು ಯಾವಾಗ ನಿಲ್ಲಿಸುತ್ತೀರಿ?

'ಮುಚ್ಚುತ್ತೇವೆ' ಅನ್ನುವುದಿಲ್ಲ, 'ತಡೆಹಿಡಿಯುತ್ತೇವೆ' ಅನ್ನುತ್ತೇವೆ. ಹವಾಮಾನ, ಬದುಕಿರುವ ಸಾಧ್ಯತೆ, ಹುಡುಕಿದ ತುಂಡುಗಳ ಅಂಕ, ತಂಡದ ಸುರಕ್ಷತೆ ಎಲ್ಲವನ್ನೂ ತೂಗಿ ಅಧಿಕಾರ ಇರುವವರು ತೀರ್ಮಾನಿಸುತ್ತಾರೆ. ಅದನ್ನು ಮನೆಯವರಿಗೆ ಎದುರು ಕೂತು ಹೇಳಬೇಕು, ಫೋನಿನಲ್ಲಿ ಹೇಳಬಾರದು. ಎಲ್ಲೆಲ್ಲಿ ಹುಡುಕಿದೆವೆಂದು ನಕ್ಷೆ ತೋರಿಸಬೇಕು. ಹೊಸ ಸುಳಿವು ಬಂದರೆ ಮತ್ತೆ ಹೊರಡುತ್ತೇವೆ. ಎಷ್ಟೋ ತಂಡಗಳು ವರ್ಷಗಳ ನಂತರವೂ ಅಭ್ಯಾಸದ ದಿನಗಳನ್ನು ಅದೇ ಕಾಡಿನಲ್ಲಿ ಇಟ್ಟುಕೊಳ್ಳುತ್ತವೆ.

ಶವ ಕಂಡ ಸ್ವಯಂಸೇವಕರ ಮನಸ್ಸು ಏನಾಗುತ್ತದೆ?

ಒಬ್ಬೊಬ್ಬರಿಗೆ ಒಂದೊಂದು ಥರ. ಕೆಲವರಿಗೆ ಅಂದೇ ನಿದ್ದೆ ಬರುತ್ತದೆ, ಕೆಲವರಿಗೆ ಮೂರು ವಾರದ ನಂತರ ಅದೇ ಬಣ್ಣದ ಅಂಗಿ ಕಂಡಾಗ ಕೈ ನಡುಗುತ್ತದೆ. ಮನೆಗೆ ಹೋಗುವ ಮೊದಲು ಎಲ್ಲರೂ ಕೂತು ಏನಾಯಿತೆಂದು ಮಾತಾಡಿಕೊಳ್ಳುವುದು ಒಳ್ಳೆಯ ತಂಡದ ಪದ್ಧತಿ. ಮಾತಾಡಲು ಇಷ್ಟವಿಲ್ಲದವರನ್ನು ಬಲವಂತ ಮಾಡಬಾರದು. ಕಾಡುತ್ತಲೇ ಇದ್ದರೆ ವೃತ್ತಿಪರರನ್ನು ಕಾಣಬೇಕು, ಅದರಲ್ಲಿ ನಾಚಿಕೆಯಿಲ್ಲ.

ನಾನೇ ದಾರಿ ತಪ್ಪಿದರೆ?

ನಿಂತುಬಿಡಿ. 1981ರಲ್ಲಿ ಕ್ಯಾಲಿಫೋರ್ನಿಯಾದ ಬೆಟ್ಟವೊಂದರಲ್ಲಿ ಒಂಬತ್ತು ವರ್ಷದ ಹುಡುಗನೊಬ್ಬ ಕಳೆದುಹೋಗಿ ಸತ್ತ. ಅವನನ್ನು ಹುಡುಕಿದವರೇ ಆಮೇಲೆ ಮಕ್ಕಳಿಗೆ 'ಮರವನ್ನು ಅಪ್ಪಿಕೊಂಡು ನಿಲ್ಲಿ' ಎಂದು ಕಲಿಸುವ ಪಾಠ ಶುರು ಮಾಡಿದರು. ದೊಡ್ಡವರಿಗೂ ಅದೇ ಪಾಠ ಸಾಕು.

ಆದರೆ ಕಾಣುವ ಜಾಗದಲ್ಲಿ ನಿಲ್ಲಿ. 2013ರಲ್ಲಿ ಅಮೆರಿಕದ ಮೇನ್ ರಾಜ್ಯದಲ್ಲಿ ಚಾರಣಿಗರೊಬ್ಬರು ಕಾಲುದಾರಿಯಿಂದ ಸ್ವಲ್ಪ ಪಕ್ಕಕ್ಕೆ ಹೋಗಿ ದಾರಿ ತಪ್ಪಿದರು. ಟೆಂಟ್ ಹಾಕಿ ಕಾದರು, ಸಂದೇಶ ಕಳಿಸಲು ನೋಡಿದರು, ಸಿಗ್ನಲ್ ಇರಲಿಲ್ಲ. ಅವರ ಡೈರಿಯ ಪ್ರಕಾರ ಕನಿಷ್ಠ 26 ದಿನ ಬದುಕಿದ್ದರು. ಹುಡುಕುವ ನಾಯಿಗಳ ತಂಡವೊಂದು ಸುಮಾರು ನೂರು ಮೀಟರ್ ಹತ್ತಿರ ದಾಟಿತ್ತು. ಟೆಂಟ್ ದಟ್ಟ ಮರಗಳ ಕೆಳಗಿತ್ತು. ಶವ ಸಿಕ್ಕಿದ್ದು 2015ರಲ್ಲಿ. ಬಯಲು ಹತ್ತಿರವಿದ್ದರೆ ಬಣ್ಣದ ಬಟ್ಟೆ ಹರಡಿ, ಹೊಳೆಯುವ ಏನಾದರೂ ತೂಗುಹಾಕಿ. ಕರೆ ಹೋಗದಿದ್ದರೂ ಸಂದೇಶ ಹೋಗಬಹುದು, ಆಮೇಲೆ ಬ್ಯಾಟರಿ ಉಳಿಸಿ.

ಸೀಟಿಯನ್ನೋ ಟಾರ್ಚನ್ನೋ ಒಂದು ನಿಮಿಷದಲ್ಲಿ ಆರು ಸಲ ಬಳಸಿ, ಒಂದು ನಿಮಿಷ ಸುಮ್ಮನಿರಿ, ಮತ್ತೆ ಆರು ಸಲ. ಆಲ್ಪ್ಸ್‌ನಲ್ಲಿ 1894ರಿಂದ ಬಳಕೆಯಲ್ಲಿರುವ ಕರೆ ಇದು. ನಿಮಿಷಕ್ಕೆ ಮೂರು ಸಲ ಉತ್ತರ ಬಂದರೆ ನಿಮ್ಮ ಕರೆ ಕೇಳಿದೆ ಎಂದರ್ಥ. ಆಗಲೂ ಎದ್ದು ಓಡಬೇಡಿ. ಅವರು ಹತ್ತಿರ ಬರುವವರೆಗೂ ಊದುತ್ತಲೇ ಇರಿ.